ಎಂಟಕ್ಕೆ ಹೊರಟ ವಿಮಾನ ಎಂಟಕ್ಕೇ ತಲುಪುವ ಲೆಕ್ಕ

ಪ್ರಶ್ನೆ: ಮಗಳು ಹೆಲ್ಸಿಂಕಿಯಲ್ಲಿ, ಮಗ ಸ್ಟಾಕ್‌ಹೋಮ್‌ನಲ್ಲಿ ಇದ್ದಾರೆ. ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ಮೊದಲು ಮಗಳ ಮನೆಗೆ, ಅಲ್ಲಿಂದ ಮಗನ ಮನೆಗೆ ಹೋಗಿ, ಮತ್ತೆ ಹೆಲ್ಸಿಂಕಿಗೆ ಬಂದು ಬೆಂಗಳೂರಿಗೆ ಮರಳುವವರಿದ್ದೇವೆ. ಈ ಎರಡು ಊರುಗಳ ನಡುವೆ 396 ಕಿ.ಮೀ., ವಿಮಾನದಲ್ಲಿ ಅರ್ಧ ಗಂಟೆ ಎಂದು ಅಂತರ್ಜಾಲದಲ್ಲಿ ಒಂದು ಕಡೆ ನೋಡಿದೆ. ಟಿಕೆಟ್ ಹುಡುಕಿದರೆ ಹೆಲ್ಸಿಂಕಿಯಿಂದ ಬೆಳಿಗ್ಗೆ 8ಕ್ಕೆ ಹೊರಟು 8ಕ್ಕೇ ಸ್ಟಾಕ್‌ಹೋಮ್ ತಲುಪುತ್ತದೆ ಎಂದಿದೆ! ವಾಪಸು ಬರುವಾಗ ಎರಡು ಗಂಟೆ. ಎದುರು ಗಾಳಿ ಇರಬೇಕು ಎನ್ನುತ್ತಾರೆ ಪಕ್ಕದ ಮನೆಯವರು. ರಸ್ತೆಯ ದೂರ ಕೇಳಿದರೆ ನಕ್ಷೆ 1,700 ಕಿ.ಮೀ.ಗೂ ಹೆಚ್ಚು ತೋರಿಸುತ್ತದೆ. ಯಾವುದನ್ನು ನಂಬುವುದು? ಹೆಂಡತಿಗೆ ಮೊಣಕಾಲು ನೋವು. ಹಡಗು ಒಳ್ಳೆಯದೇ, ವಿಮಾನವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಕಂಡ ಅಂಕಿಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಸರಿ. ತಪ್ಪಿರುವುದು ಆ ಅರ್ಧ ಗಂಟೆ. ಎಂಟಕ್ಕೆ ಹೊರಟು ಎಂಟಕ್ಕೇ ತಲುಪುವುದು ನಿಜ, ವಾಪಸಿಗೆ ಎರಡು ಗಂಟೆ ಎಂಬುದೂ ನಿಜ, 1,700 ಕಿ.ಮೀ. ರಸ್ತೆಯೂ ನಿಜ. ಗಾಳಿಗೂ ಈ ಎರಡು ಗಂಟೆಗೂ ಸಂಬಂಧ ತೀರಾ ಕಡಿಮೆ. ವಿಮಾನಗಳ ಹಾರಾಟದ ಯೋಜನೆ ಸಿದ್ಧಪಡಿಸುವ ಕೆಲಸದಲ್ಲಿ ಬಹುಕಾಲ ಇದ್ದವನಾದ್ದರಿಂದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಸರವಾದರೆ ಕೊನೆಯ ಕೆಲವು ಪ್ಯಾರಾಗಳಿಗೆ ಹಾರಿ. ನಿಮ್ಮ ಪ್ರಯಾಣಕ್ಕೆ ಬೇಕಾದದ್ದು ಅಲ್ಲಿದೆ.

ಮೊದಲು ದೂರ. 396 ಕಿ.ಮೀ. ಎಂಬುದು ಎರಡು ನಗರಗಳ ಮಧ್ಯಬಿಂದುಗಳ ನಡುವೆ ಭೂಮಿಯ ಮೇಲ್ಮೈಗುಂಟ ದಾರ ಎಳೆದು ಹಿಡಿದರೆ ಸಿಗುವ ಅತಿ ಚಿಕ್ಕ ಅಂತರ. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ, ಅಂದರೆ ಹೆಲ್ಸಿಂಕಿಯ ವಾಂಟಾದಿಂದ ಸ್ಟಾಕ್‌ಹೋಮ್‌ನ ಆರ್ಲಾಂಡಾಕ್ಕೆ ಅಳೆದರೂ ಹೆಚ್ಚುಕಡಿಮೆ ಅಷ್ಟೇ, 399 ಕಿ.ಮೀ. ಇದು ಎಷ್ಟು ದೂರ ಎಂದು ನೀವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕಾದರೆ ಬಹಳ ಕಷ್ಟಪಡಬೇಕಾಗಿಲ್ಲ. ಧಾರವಾಡದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 390 ಕಿ.ಮೀ. ಬರುತ್ತದೆ. ನಿಮ್ಮ ಮಗಳಿಗೂ ಮಗನಿಗೂ ನಡುವೆ ಇರುವುದು ನಿಮಗೂ ರಾಜಧಾನಿಗೂ ನಡುವಿನಷ್ಟೇ ಅಂತರ.

ಆದರೆ ಮೊಬೈಲ್‌ನ ನಕ್ಷೆಯನ್ನು ಬೆರಳಿನಿಂದ ಅಳೆದರೆ ಹಾಗೆ ಕಾಣುವುದಿಲ್ಲ. ಒಂದೇ ಹಿಗ್ಗಿಸುವಿಕೆಯಲ್ಲಿಟ್ಟು ಕರ್ನಾಟಕವನ್ನೂ ಆಮೇಲೆ ಬಾಲ್ಟಿಕ್ ಸಮುದ್ರವನ್ನೂ ನೋಡಿ. ಹೆಲ್ಸಿಂಕಿ–ಸ್ಟಾಕ್‌ಹೋಮ್ ಅಂತರ ಹೆಚ್ಚುಕಡಿಮೆ ಬೆಂಗಳೂರು–ಮುಂಬೈ ಅಂತರದಷ್ಟು ಉದ್ದ ಕಾಣುತ್ತದೆ. ನಾವು ಬಳಸುವ ಬಹುತೇಕ ಅಂತರ್ಜಾಲ ನಕ್ಷೆಗಳು ಮರ್ಕೇಟರ್ ಪ್ರಕ್ಷೇಪ ಎಂಬ, ಗೋಳವನ್ನು ಚಪ್ಪಟೆ ಹಾಳೆಯಲ್ಲಿ ಬಿಡಿಸುವ ಪದ್ಧತಿಯವು. ಭೂಮಧ್ಯರೇಖೆಯಿಂದ ದೂರ ಸರಿದಂತೆಲ್ಲ ಅವು ಭೂಮಿಯನ್ನು ಹಿಗ್ಗಿಸಿ ತೋರಿಸುತ್ತವೆ. ಈ ಎರಡೂ ನಗರಗಳು 60 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ; ಅಲ್ಲಿ ಹಿಗ್ಗುವಿಕೆ ಸರಿಯಾಗಿ ಎರಡು ಪಟ್ಟು. ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ನೆನಪಿದ್ದರೆ, 60 ಡಿಗ್ರಿಯ ಕೊಸೈನ್ ಅರ್ಧ. ಹಾಗಾಗಿ ಭೂಮಧ್ಯರೇಖೆಯಲ್ಲಿ 111 ಕಿ.ಮೀ. ಇರುವ ಒಂದು ಡಿಗ್ರಿ ರೇಖಾಂಶ ಅಲ್ಲಿ 56 ಕಿ.ಮೀ.ಗಿಂತ ತುಸು ಕಡಿಮೆ. ಎರಡು ನಗರಗಳ ನಡುವೆ ಏಳು ಡಿಗ್ರಿ ರೇಖಾಂಶದ ಅಂತರವಿದೆ. ನಮ್ಮ ಅಕ್ಷಾಂಶದಲ್ಲಿ ಅದು 750 ಕಿ.ಮೀ. ಆಗುತ್ತಿತ್ತು, ಅಲ್ಲಿ 400ರ ಒಳಗೆ ಮುಗಿಯುತ್ತದೆ. ಯುರೋಪಿನ ಉತ್ತರ ಭಾಗದಲ್ಲಿ ಊರೂರು ಸುತ್ತುವ ಯೋಜನೆ ಹಾಕುವವರು ನಕ್ಷೆ ನೋಡಿ ಗಾಬರಿಯಾಗುವುದು ಇದರಿಂದಲೇ.

ಇನ್ನು ಅರ್ಧ ಗಂಟೆಯ ವಿಚಾರ. ದೂರ ಹೇಳುವ ಆ ತಾಣಗಳು ಮಾಡುವುದು ಒಂದೇ ಭಾಗಾಕಾರ: 396ನ್ನು ಜೆಟ್ ವಿಮಾನದ ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸುವುದು. ವಿಮಾನವೇನೋ 800ರಲ್ಲಿ ಹಾರಬಲ್ಲದು. ಆದರೆ ಇಷ್ಟು ಚಿಕ್ಕ ದಾರಿಯಲ್ಲಿ ಅದಕ್ಕೆ ಆ ವೇಗದಲ್ಲಿ ಹಾರಲು ಸಮಯವೇ ಸಿಗುವುದಿಲ್ಲ. ಇಳಿಯುವುದಕ್ಕೆ ಪೈಲಟ್‌ಗಳ ಬಾಯಿಲೆಕ್ಕವೊಂದಿದೆ: ಪ್ರತಿ ಸಾವಿರ ಅಡಿ ಎತ್ತರ ಕಳೆದುಕೊಳ್ಳಲು ಮೂರು ನಾಟಿಕಲ್ ಮೈಲಿ ಬೇಕು. 30,000 ಅಡಿಯಿಂದ ಇಳಿಯಬೇಕಾದರೆ 90 ನಾಟಿಕಲ್ ಮೈಲಿ, ಅಂದರೆ ಸುಮಾರು 167 ಕಿ.ಮೀ. ಮೊದಲೇ ಇಳಿಯಲು ಆರಂಭಿಸಬೇಕು. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಹಿಡಿಯುತ್ತದೆ. 400ರಲ್ಲಿ ಇವೆರಡನ್ನೂ ಕಳೆಯಿರಿ. ನೆಟ್ಟಗೆ ಪೂರ್ಣ ವೇಗದಲ್ಲಿ ಹಾರಲು ಉಳಿಯುವುದು ಅರವತ್ತು ಎಪ್ಪತ್ತು ಕಿ.ಮೀ. ಮಾತ್ರ. ಅದಕ್ಕೇ ಇಂಥ ದಾರಿಯಲ್ಲಿ ಗಗನಸಖಿಯರು ಕಾಫಿ ಕೊಟ್ಟ ಕೈಯಲ್ಲೇ ಲೋಟ ವಾಪಸು ಪಡೆಯುತ್ತಾರೆ. ಜೊತೆಗೆ, ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರುವಂತಿಲ್ಲ. ಗಂಟೆಗೆ 463 ಕಿ.ಮೀ. ಆಯಿತು.

ದಾರಿಯೂ ನೇರವಾಗಿರುವುದಿಲ್ಲ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ವಾಂಟಾದಲ್ಲಿ ಮೂರು ಓಡುದಾರಿಗಳಿವೆ. ಅವುಗಳಲ್ಲಿ ಸಮಾನಾಂತರವಾದ ಎರಡು ಈಶಾನ್ಯ–ನೈಋತ್ಯ ದಿಕ್ಕಿನವು. ನೈಋತ್ಯದ ಗಾಳಿ ಬೀಸುವ ದಿನ ವಿಮಾನ ಏರುತ್ತಲೇ ಸ್ವೀಡನ್ನಿನ ಕಡೆಗೆ ಮುಖ ಮಾಡಿರುತ್ತದೆ. ಈಶಾನ್ಯದ ಗಾಳಿಯಿದ್ದರೆ ಸ್ಟಾಕ್‌ಹೋಮ್‌ಗೆ ಬೆನ್ನು ಹಾಕಿ ಏರಿ, ಆಮೇಲೆ ದೊಡ್ಡ ತಿರುವು ತೆಗೆದುಕೊಳ್ಳಬೇಕು. ಆರ್ಲಾಂಡಾದಲ್ಲಿಯೂ ಮೂರು ಓಡುದಾರಿಗಳು. ಎರಡು ಉತ್ತರ–ದಕ್ಷಿಣ, ಒಂದು ಪೂರ್ವ–ಪಶ್ಚಿಮ. ಪೂರ್ವದಿಂದ ಬರುವ ನಿಮ್ಮ ವಿಮಾನವನ್ನು ಪೂರ್ವ–ಪಶ್ಚಿಮ ದಾರಿಯಲ್ಲಿ ನೇರ ಇಳಿಸಿಕೊಂಡರೆ ಅದೃಷ್ಟ. ಉತ್ತರಾಭಿಮುಖವಾಗಿ ಇಳಿಯಬೇಕಾದ ದಿನ ದಕ್ಷಿಣಕ್ಕೆ ಸುತ್ತಿ ಬರಬೇಕು, ಮುಂದಿರುವ ವಿಮಾನಗಳ ಹಿಂದೆ ಸರದಿಯಲ್ಲಿ ನಿಲ್ಲಬೇಕು. ಹೀಗೆ 399 ಕಿ.ಮೀ. ಎಂಬುದು ಆಕಾಶದಲ್ಲಿ ಎಷ್ಟೋ ಸಲ 450 ಆಗುತ್ತದೆ.

ಇದೆಲ್ಲ ಸೇರಿ ಗಾಲಿ ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ಸುಮಾರು 40ರಿಂದ 45 ನಿಮಿಷ. ಆದರೆ ವೇಳಾಪಟ್ಟಿಯಲ್ಲಿ ಬರೆದಿರುವುದು ಇದೂ ಅಲ್ಲ. ವಿಮಾನ ತನ್ನ ನಿಲುಗಡೆಯಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲುಗಡೆಗೆ ಬಂದು ನಿಲ್ಲುವವರೆಗಿನ ಅವಧಿ ಅದು. ನಮ್ಮ ಕಸುಬಿನಲ್ಲಿ ಅದಕ್ಕೆ ಬ್ಲಾಕ್ ಟೈಮ್ ಎನ್ನುತ್ತೇವೆ. ಹಿಂದಕ್ಕೆ ತಳ್ಳಿಸಿಕೊಳ್ಳುವುದು, ಓಡುದಾರಿಯವರೆಗೆ ನೆಲದ ಮೇಲೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು, ಇವೆಲ್ಲ ಅದರೊಳಗೆ ಬರುತ್ತವೆ. ಚಳಿಗಾಲದಲ್ಲಿ ರೆಕ್ಕೆಯ ಮೇಲಿನ ಮಂಜುಗಡ್ಡೆಯನ್ನು ಬಿಸಿ ದ್ರಾವಣ ಸಿಂಪಡಿಸಿ ಕರಗಿಸುವ ಕೆಲಸ ಬೇರೆ ಇರುತ್ತದೆ. ಜೂನ್‌ನಲ್ಲಿ ನಿಮಗೆ ಆ ತಲೆನೋವಿಲ್ಲ. ಒಟ್ಟು ಸುಮಾರು ಒಂದು ಗಂಟೆ. ತಡವಾಯಿತೆಂಬ ಕೆಟ್ಟ ಹೆಸರು ಬಾರದಿರಲೆಂದು ಕಂಪನಿಗಳು ಇದರೊಳಗೆ ನಾಲ್ಕಾರು ನಿಮಿಷ ಹೆಚ್ಚುವರಿಯಾಗಿ ಸೇರಿಸಿರುತ್ತವೆ. ಹತ್ತು ನಿಮಿಷ ಮೊದಲೇ ತಲುಪಿದೆವೆಂದು ಘೋಷಿಸುವಾಗ ದನಿಯಲ್ಲಿ ಕೇಳಿಬರುವ ಹೆಮ್ಮೆಯನ್ನು ನಾನಂತೂ ಅಷ್ಟಾಗಿ ನಂಬುವುದಿಲ್ಲ.

ಜೆಟ್ ಬದಲು ಎಟಿಆರ್ ವಿಮಾನ ಸಿಕ್ಕಿತೆಂದು ಬೇಸರಪಡುವವರಿದ್ದಾರೆ. ಹುಬ್ಬಳ್ಳಿ ಮತ್ತು ಮೈಸೂರಿಗೆ ಬರುವ, ರೆಕ್ಕೆಯ ಮುಂದೆ ಪಂಕ ತಿರುಗುವ ವಿಮಾನವೇ ಅದು. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು, ಜೆಟ್‌ಗಿಂತ ಬಹಳ ಕಡಿಮೆ. ಆದರೂ 400 ಕಿ.ಮೀ. ದಾರಿಯಲ್ಲಿ ಅದು ಹಿಂದೆ ಬೀಳುವುದು ಹತ್ತು ಹದಿನೈದು ನಿಮಿಷ ಮಾತ್ರ. ಜೆಟ್‌ಗೆ ತನ್ನ ವೇಗ ತೋರಿಸಲು ಜಾಗವೇ ಇಲ್ಲವೆಂದು ಆಗಲೇ ಹೇಳಿದೆನಲ್ಲ. ಹುಬ್ಬಳ್ಳಿ–ಬೆಂಗಳೂರು ನಡುವಿನ 370 ಕಿ.ಮೀ.ಗೂ ವೇಳಾಪಟ್ಟಿ ಒಂದು ಗಂಟೆ ಚಿಲ್ಲರೆ ತೋರಿಸುವುದು ಇದೇ ಲೆಕ್ಕದಲ್ಲಿ.

ಈಗ ಎಂಟಕ್ಕೆ ಹೊರಟು ಎಂಟಕ್ಕೇ ತಲುಪುವ ಸೋಜಿಗಕ್ಕೆ ಬರೋಣ. ಫಿನ್‌ಲೆಂಡಿನ ಗಡಿಯಾರ ಸ್ವೀಡನ್ನಿನದಕ್ಕಿಂತ ಒಂದು ಗಂಟೆ ಮುಂದಿದೆ. ಟಿಕೆಟ್ ಮೇಲೆ ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಲ್ಲಿ, ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಲ್ಲಿ ಬರೆಯುವುದು ಎಲ್ಲೆಡೆಯ ಪದ್ಧತಿ. ಹೆಲ್ಸಿಂಕಿಯಲ್ಲಿ 8ಕ್ಕೆ ಹೊರಟು ಒಂದು ಗಂಟೆ ಪ್ರಯಾಣ ಮಾಡಿದಾಗ ಹೆಲ್ಸಿಂಕಿಯಲ್ಲಿ 9, ಸ್ಟಾಕ್‌ಹೋಮ್‌ನಲ್ಲಿ 8. ವಾಪಸು ಬರುವಾಗ ಸಂಜೆ 6ಕ್ಕೆ ಹೊರಟರೆ ಒಂದು ಗಂಟೆಯ ನಂತರ ಸ್ಟಾಕ್‌ಹೋಮ್‌ನಲ್ಲಿ 7, ಹೆಲ್ಸಿಂಕಿಯಲ್ಲಿ 8. ಹೋಗುವಾಗ ಗಡಿಯಾರ ಒಂದು ಗಂಟೆ ದಾನ ಮಾಡುತ್ತದೆ, ಬರುವಾಗ ವಸೂಲು ಮಾಡುತ್ತದೆ. ಎರಡೂ ಸಲ ನೀವು ಕುರ್ಚಿಯಲ್ಲಿ ಕುಳಿತಿರುವುದು ಒಂದೇ ಗಂಟೆ.

ಈ ಒಂದು ಗಂಟೆಯ ಅಂತರ ವರ್ಷವಿಡೀ ಬದಲಾಗುವುದಿಲ್ಲ. ಎರಡೂ ದೇಶಗಳು ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಿಡುತ್ತವೆ. ಅದೂ ಒಂದೇ ಕ್ಷಣದಲ್ಲಿ. ಬದಲಾಗುವುದು ನಮಗೂ ಅವರಿಗೂ ಇರುವ ಅಂತರ. ಬೇಸಿಗೆಯಲ್ಲಿ ಹೆಲ್ಸಿಂಕಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಸ್ಟಾಕ್‌ಹೋಮ್ ಮೂರೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ಮೂರೂವರೆ ಮತ್ತು ನಾಲ್ಕೂವರೆ. ಮಕ್ಕಳಿಗೆ ಫೋನ್ ಮಾಡುವ ನಿಮಗೆ ಇದು ಈಗಾಗಲೇ ಬಾಯಿಪಾಠವಾಗಿರಬೇಕು.

ಇಲ್ಲಿ ನನಗೆ ಇಷ್ಟವಾದ ಒಂದು ವಿಷಯವನ್ನು ಸೇರಿಸಿಬಿಡುತ್ತೇನೆ. ಸೂರ್ಯನಿಗೆ ಹೆಲ್ಸಿಂಕಿಯ ನೆತ್ತಿಯಿಂದ ಸ್ಟಾಕ್‌ಹೋಮ್‌ನ ನೆತ್ತಿಗೆ ಬರಲು ಒಂದು ಗಂಟೆ ಬೇಕಿಲ್ಲ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತೇಳು ಇಪ್ಪತ್ತೆಂಟು ನಿಮಿಷ ಸಾಕು. ಉಳಿದದ್ದು ಸರ್ಕಾರಗಳ ನಿರ್ಧಾರ. ಭೂಮಿ ಭೂಮಧ್ಯರೇಖೆಯಲ್ಲಿ ಗಂಟೆಗೆ 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ, 60 ಡಿಗ್ರಿಯಲ್ಲಿ ಅದರ ಅರ್ಧ, 835 ಕಿ.ಮೀ. ಜೆಟ್ ವಿಮಾನ ಪೂರ್ಣ ವೇಗ ಹಿಡಿದಾಗ ಅದೂ ಹೆಚ್ಚುಕಡಿಮೆ ಇಷ್ಟರಲ್ಲೇ ಹಾರುತ್ತದೆ. ಆದ್ದರಿಂದ ಈ ಅಕ್ಷಾಂಶದಲ್ಲಿ ಸೂರ್ಯಾಸ್ತದ ಹೊತ್ತಿಗೆ ಪಶ್ಚಿಮಕ್ಕೆ ಹಾರುವ ವಿಮಾನದಲ್ಲಿ ಕುಳಿತರೆ, ಇದ್ದಷ್ಟು ಹೊತ್ತು ಸೂರ್ಯ ದಿಗಂತದ ಮೇಲೆ ನಿಂತಲ್ಲೇ ನಿಂತಂತೆ ಕಾಣುತ್ತಾನೆ. ಸ್ಟಾಕ್‌ಹೋಮ್‌ನ ದಾರಿಯಲ್ಲಿ ಪೂರ್ಣ ವೇಗ ಇರುವುದು ಕೆಲವೇ ನಿಮಿಷ. ನಾರ್ವೆಯವರೆಗೆ ಹೋಗುವವರಿಗೆ ಈ ನೋಟ ಚೆನ್ನಾಗಿ ದಕ್ಕುತ್ತದೆ.

ಪಕ್ಕದ ಮನೆಯವರ ಗಾಳಿಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅಲ್ಲಿ ಮೇಲಿನ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ. ಅಂದರೆ ಸ್ಟಾಕ್‌ಹೋಮ್‌ಗೆ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನ ಗಾಳಿ. ಅವರು ಊಹಿಸಿದ್ದಕ್ಕೆ ತದ್ವಿರುದ್ಧ! ಪರಿಣಾಮ ಎಷ್ಟು? ದಾರಿಯುದ್ದಕ್ಕೂ ಸರಾಸರಿ ವೇಗ 650 ಕಿ.ಮೀ., ಗಾಳಿ 60 ಕಿ.ಮೀ. ಎಂದುಕೊಳ್ಳಿ. 400 ಕಿ.ಮೀ.ಗೆ ಹೋಗುವಾಗ 41 ನಿಮಿಷ, ಬರುವಾಗ 34 ನಿಮಿಷ. ಏಳು ನಿಮಿಷದ ವ್ಯತ್ಯಾಸ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ದೀರ್ಘ ಹಾರಾಟಗಳಲ್ಲಿ ಗಾಳಿ ದೊಡ್ಡ ವಿಷಯವೇ. ಹೋಗುವುದಕ್ಕೂ ಬರುವುದಕ್ಕೂ ಮುಕ್ಕಾಲು ಗಂಟೆ, ಒಂದು ಗಂಟೆ ಅಂತರ ಬರುತ್ತದೆ. ಬಾಲ್ಟಿಕ್ ದಾಟುವ ಗಾವುದ ದಾರಿಗೆ ಅದು ಲೆಕ್ಕಕ್ಕಿಲ್ಲ.

ರಸ್ತೆಯ 1,700 ಕಿ.ಮೀ. ಎಲ್ಲಿಂದ ಬಂತು? ಎರಡು ಊರುಗಳ ನಡುವೆ ಇರುವುದು ಬಾಲ್ಟಿಕ್ ಸಮುದ್ರ. ಅದರ ಉತ್ತರದ ಚಾಚು ಬೋಥ್ನಿಯಾ ಕೊಲ್ಲಿ. ನೆಲ ಬಿಡದೆ ಹೋಗಬೇಕಾದರೆ ಈ ಕೊಲ್ಲಿಯನ್ನು ಪೂರ್ತಿ ಸುತ್ತಬೇಕು. ಹೆಲ್ಸಿಂಕಿಯಿಂದ ಉತ್ತರಕ್ಕೆ ಓಲು ನಗರದ ಮೂಲಕ ಗಡಿಯ ಟೋರ್ನಿಯೊಕ್ಕೆ ಏಳುನೂರು ಕಿ.ಮೀ.ಗೂ ಹೆಚ್ಚು, ಅಲ್ಲಿ ನದಿಯಾಚೆಗಿನ ಸ್ವೀಡನ್ನಿನ ಹಾಪರಾಂಡಾದಿಂದ ಕರಾವಳಿಗುಂಟ ದಕ್ಷಿಣಕ್ಕೆ ಸಾವಿರ ಕಿ.ಮೀ. ದಾಟುತ್ತದೆ. ಆರ್ಕ್ಟಿಕ್ ವೃತ್ತದ ಹತ್ತಿರದವರೆಗೆ ಹೋಗಿ ಬಂದಂತೆ. ರೈಲು ಕೇಳಿದರೆ ಇನ್ನೂ ತೊಡಕು. ಫಿನ್‌ಲೆಂಡಿನ ಹಳಿಗಳು ರಷ್ಯಾ ಸಾಮ್ರಾಜ್ಯದ ಕಾಲದ 1,524 ಮಿ.ಮೀ. ಅಗಲದವು, ಸ್ವೀಡನ್ನಿನವು 1,435 ಮಿ.ಮೀ. ಗಡಿಯಲ್ಲಿ ಇಳಿದು ರೈಲು ಬದಲಿಸಲೇಬೇಕು. ಗೇಜ್ ಪರಿವರ್ತನೆಗೆ ಮುಂಚಿನ ಪ್ರಯಾಣಗಳನ್ನು ಕಂಡ ಧಾರವಾಡದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗೆಂದು ಸಮುದ್ರ ಈ ಎರಡು ದೇಶಗಳನ್ನು ಬೇರ್ಪಡಿಸಿತ್ತು ಎಂದುಕೊಂಡರೆ ಇತಿಹಾಸ ಒಪ್ಪುವುದಿಲ್ಲ. 1809ರವರೆಗೆ ಫಿನ್‌ಲೆಂಡ್ ಸ್ವೀಡನ್ನಿನ ಭಾಗವೇ ಆಗಿತ್ತು. ನಡುವಿನ ನೀರು ರಾಜ್ಯದೊಳಗಿನ ದಾರಿ. 1638ರಲ್ಲಿ ಸ್ಟಾಕ್‌ಹೋಮ್‌ನಿಂದ ನಡುವಿನ ಓಲಾಂಡ್ ದ್ವೀಪಗಳ ಮೂಲಕ ಫಿನ್‌ಲೆಂಡಿನ ಟುರ್ಕು ನಗರಕ್ಕೆ ಅಂಚೆಯ ದಾರಿ ಏರ್ಪಟ್ಟಿತು. ಸ್ವೀಡನ್ ಕರಾವಳಿಯ ಗ್ರಿಸ್ಲೆಹಾಮ್ನ್‌ನಿಂದ ಓಲಾಂಡ್‌ನ ಎಕೆರೋವರೆಗೆ ತೆರೆದ ಸಮುದ್ರದಲ್ಲಿ ಅಂಚೆ ಚೀಲವನ್ನು ಹುಟ್ಟು ಹಾಕಿಕೊಂಡು ಒಯ್ಯಬೇಕಾದವರು ಆ ದಾರಿಯ ರೈತರು. ಪ್ರತಿಯಾಗಿ ಅವರಿಗೆ ಸೈನ್ಯ ಸೇವೆಯಿಂದ ವಿನಾಯಿತಿ. ಚಳಿಗಾಲದಲ್ಲಿ ಅರ್ಧ ಹೆಪ್ಪುಗಟ್ಟಿದ ಸಮುದ್ರದಲ್ಲಿ ದೋಣಿಯನ್ನು ಮಂಜಿನ ಮೇಲೆ ಎಳೆಯುತ್ತ, ನೀರು ಸಿಕ್ಕಲ್ಲಿ ಇಳಿಸುತ್ತ ಸಾಗಬೇಕಿತ್ತು. ಎಷ್ಟೋ ಜನ ಹಾಗೆಯೇ ಸತ್ತರು, ಸೈನ್ಯವೇ ಸುಖವಾಗಿತ್ತೇನೋ. ಇನ್ನು 1809ರ ಮಾರ್ಚ್‌ನಲ್ಲಿ ರಷ್ಯಾದ ಸೈನ್ಯದ ತುಕಡಿಯೊಂದು ಇದೇ ಓಲಾಂಡ್ ಸಮುದ್ರ ಹೆಪ್ಪುಗಟ್ಟಿದ್ದಾಗ ಕುದುರೆಗಳ ಮೇಲೆ ದಾಟಿ ಗ್ರಿಸ್ಲೆಹಾಮ್ನ್ ತಲುಪಿತ್ತು. ಅದೇ ವರ್ಷ ಫಿನ್‌ಲೆಂಡ್ ಸ್ವೀಡನ್ನಿನ ಕೈತಪ್ಪಿತು.

ಆಕಾಶ ಮಾರ್ಗಕ್ಕೂ ನೂರು ವರ್ಷ ದಾಟಿದೆ. ಇಂದಿನ ಫಿನ್‌ಏರ್‌ನ ಮೂಲ ಸಂಸ್ಥೆಯಾದ ಏರೋ 1923ರಲ್ಲಿ ಸ್ಥಾಪನೆಯಾಗಿ, 1924ರಲ್ಲಿ ಎಸ್ಟೋನಿಯಾದ ಟಾಲಿನ್‌ಗೂ, ಅದೇ ವರ್ಷ ಸ್ವೀಡನ್ನಿನ ಕಂಪನಿಯೊಂದರ ಜೊತೆ ಸೇರಿ ಸ್ಟಾಕ್‌ಹೋಮ್‌ಗೂ ಹಾರಾಟ ಆರಂಭಿಸಿತು. ಆಗಿನ ಯುಂಕರ್ಸ್ ಎಫ್ 13 ವಿಮಾನದಲ್ಲಿ ಪ್ರಯಾಣಿಕರಿಗೆ ನಾಲ್ಕೇ ಆಸನ. ಬೇಸಿಗೆಯಲ್ಲಿ ನೀರಿನ ಮೇಲೆ ಇಳಿಯಲು ತೇಲುಪಾದಗಳು, ಚಳಿಗಾಲದಲ್ಲಿ ಮಂಜಿನ ಮೇಲೆ ಇಳಿಯಲು ಜಾರುಪಟ್ಟಿಗಳು. ಬಂದರೇ ವಿಮಾನ ನಿಲ್ದಾಣವಾಗಿದ್ದ ಕಾಲ. ಇಳಿದರೆ ಊರಿನ ನಡುವೆ ಇರುತ್ತಿದ್ದಿರಿ. ವಾಂಟಾ ನಿಲ್ದಾಣ ಬಂದದ್ದು 1952ರಲ್ಲಿ, ಹೆಲ್ಸಿಂಕಿ ಒಲಿಂಪಿಕ್ಸ್‌ನ ವರ್ಷ. ಆರ್ಲಾಂಡಾ ವಿಧ್ಯುಕ್ತವಾಗಿ ಆರಂಭವಾದದ್ದು 1962ರಲ್ಲಿ. ವಿಮಾನಗಳು ವೇಗವಾದವು, ನಿಲ್ದಾಣಗಳು ಊರಿನಿಂದ ದೂರ ಸರಿದವು.

ನಿಮ್ಮ ಪ್ರಯಾಣದ ನಿಜವಾದ ಅವಧಿಯನ್ನು ನಿರ್ಧರಿಸುವುದು ಈ ದೂರ ಸರಿದ ನಿಲ್ದಾಣಗಳೇ. ಹೆಲ್ಸಿಂಕಿಯ ಮುಖ್ಯ ರೈಲು ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಸ್ಥಳೀಯ ರೈಲಿನಲ್ಲಿ ಅರ್ಧ ಗಂಟೆ. 2015ರಿಂದ ಈ ವ್ಯವಸ್ಥೆ ಇದೆ, ಬಹಳ ಅನುಕೂಲ. ಚೀಲ ಕೊಡುವುದು, ತಪಾಸಣೆ, ದ್ವಾರದವರೆಗಿನ ನಡಿಗೆ, ಎಲ್ಲ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹಾರಾಟ ಒಂದು ಗಂಟೆ. ಇಳಿದು ಚೀಲ ಪಡೆಯಲು ಅರ್ಧ ಗಂಟೆ. ಆರ್ಲಾಂಡಾ ಸ್ಟಾಕ್‌ಹೋಮ್‌ನ ನಡುಭಾಗದಿಂದ ಸುಮಾರು 40 ಕಿ.ಮೀ. ಉತ್ತರಕ್ಕಿದೆ. ಆರ್ಲಾಂಡಾ ಎಕ್ಸ್‌ಪ್ರೆಸ್ ರೈಲು ಅದನ್ನು ಇಪ್ಪತ್ತು ನಿಮಿಷದೊಳಗೆ ಮುಗಿಸುತ್ತದೆ, ದರ ಮಾತ್ರ ಜೇಬು ಸುಡುತ್ತದೆ. ಮಾಮೂಲಿ ಉಪನಗರ ರೈಲು ಮುಕ್ಕಾಲು ಗಂಟೆಯ ಒಳಗೆ ತಲುಪಿಸುತ್ತದೆ. ಎಲ್ಲ ಕೂಡಿಸಿ, ಮನೆಯಿಂದ ಮನೆಗೆ ನಾಲ್ಕರಿಂದ ನಾಲ್ಕೂವರೆ ಗಂಟೆ. ನಾಲ್ಕು ನೂರು ಕಿ.ಮೀ.ಗೆ ನಾಲ್ಕೂವರೆ ಗಂಟೆ ಎಂದರೆ ಗಂಟೆಗೆ 90 ಕಿ.ಮೀ.ಗೂ ಕಡಿಮೆ ಎಂದು ಯಾರಿಗಾದರೂ ಹೇಳಿದರೆ ನಗುತ್ತಾರೆ, ಆದರೆ ಲೆಕ್ಕ ಅದೇ. ಒಂದು ಎಚ್ಚರಿಕೆ: ಅಗ್ಗದ ಟಿಕೆಟ್‌ನಲ್ಲಿ ಸ್ಟಾಕ್‌ಹೋಮ್ ಎಂದು ಬರೆದು ಪಕ್ಕದಲ್ಲಿ ಸ್ಕಾವ್‌ಸ್ಟಾ ಎಂದಿದ್ದರೆ ಅದು ನಗರದಿಂದ ಸುಮಾರು 100 ಕಿ.ಮೀ. ದೂರದ ಬೇರೆಯೇ ನಿಲ್ದಾಣ. ಮಗನನ್ನು ಆರ್ಲಾಂಡಾಕ್ಕೆ ಕಳುಹಿಸಿ ನೀವು ಸ್ಕಾವ್‌ಸ್ಟಾದಲ್ಲಿ ಇಳಿಯಬೇಡಿ.

ದೂರದ ಅಂಕಿಗೆ ಕಾನೂನಿನಲ್ಲಿಯೂ ಬೆಲೆಯಿದೆ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದಂತೆ, 1,500 ಕಿ.ಮೀ. ಒಳಗಿನ ಹಾರಾಟ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿ, ಅದಕ್ಕೆ ಹವಾಮಾನದಂಥ ಅಸಾಧಾರಣ ಕಾರಣ ಇಲ್ಲದಿದ್ದರೆ, ಪ್ರತಿ ಪ್ರಯಾಣಿಕರಿಗೆ 250 ಯೂರೊ ಪರಿಹಾರ. ಭಾರತೀಯರಿಗೂ ಇದು ಅನ್ವಯಿಸುತ್ತದೆ. ವಿಮಾನ ಎಷ್ಟು ಸುತ್ತಿ ಬಂತು ಎಂಬುದು ಅಲ್ಲಿ ಮುಖ್ಯವಲ್ಲ. ನಾನು ಮೊದಲು ಹೇಳಿದ, ಭೂಮಿಗುಂಟ ಎಳೆದ ದಾರದ ಅಳತೆಯೇ ಪ್ರಮಾಣ ಎಂದು ನಿಯಮದಲ್ಲಿಯೇ ಬರೆದಿದೆ. ತಲುಪಿದ ವೇಳೆ ಯಾವುದು ಎಂಬ ಜಗಳ ಯುರೋಪಿನ ಉನ್ನತ ನ್ಯಾಯಾಲಯದವರೆಗೆ ಹೋಗಿ, ಗಾಲಿ ನೆಲ ಮುಟ್ಟಿದ್ದಲ್ಲ, ಇಳಿಯಲು ವಿಮಾನದ ಒಂದು ಬಾಗಿಲಾದರೂ ತೆರೆದ ಕ್ಷಣ ಎಂದು 2014ರಲ್ಲಿ ತೀರ್ಪಾಯಿತು. ತಡವಾದರೆ ಆ ಕ್ಷಣದಲ್ಲಿ ಗಡಿಯಾರ ನೋಡಿಕೊಳ್ಳಿ.

ಇನ್ನು ಹಡಗು. ಹೆಲ್ಸಿಂಕಿಯಲ್ಲಿ ಸಂಜೆ ಐದರ ಹೊತ್ತಿಗೆ ಹೊರಟು ಮರುದಿನ ಬೆಳಿಗ್ಗೆ ಹತ್ತರೊಳಗೆ ಸ್ಟಾಕ್‌ಹೋಮ್ ತಲುಪುವ ದೊಡ್ಡ ಹಡಗುಗಳಿವೆ. ಸಿಲ್ಯಾ ಲೈನ್ ಮತ್ತು ವೈಕಿಂಗ್ ಲೈನ್ ಇಲ್ಲಿನ ಹಳೆಯ ಹೆಸರುಗಳು. ಪ್ರಯಾಣ 16ರಿಂದ 18 ಗಂಟೆ. ನಡುರಾತ್ರಿ ದಾಟಿದ ಮೇಲೆ ಅವು ಓಲಾಂಡ್‌ನ ಮಾರಿಹಾಮ್ನ್ ಬಂದರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತವೆ. ಇಳಿಯುವವರು ಹೆಚ್ಚಿರುವುದಿಲ್ಲ, ನಿಲ್ಲುವ ಕಾರಣ ಬೇರೆ. ಯುರೋಪಿಯನ್ ಒಕ್ಕೂಟದೊಳಗಿನ ಪ್ರಯಾಣಗಳಲ್ಲಿ ಸುಂಕರಹಿತ ಮಾರಾಟ 1999ರ ಜುಲೈನಲ್ಲಿ ನಿಂತಿತು. ಓಲಾಂಡ್ ದ್ವೀಪಗಳು ಆ ಒಕ್ಕೂಟದ ತೆರಿಗೆ ವಲಯದ ಹೊರಗಿರುವುದರಿಂದ, ಅಲ್ಲಿ ನಿಂತು ಹೋಗುವ ಹಡಗಿನಲ್ಲಿ ಮಾತ್ರ ತೆರಿಗೆಯಿಲ್ಲದ ಮದ್ಯ ಮತ್ತು ಸಿಹಿತಿಂಡಿ ಮಾರಬಹುದು. ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಮದ್ಯದ ಬೆಲೆ ಗೊತ್ತಿರುವವರಿಗೆ ಆ ಹಡಗಿನಂಗಡಿಯ ನೂಕುನುಗ್ಗಲು ಅರ್ಥವಾಗುತ್ತದೆ. ಶುಕ್ರವಾರ, ಶನಿವಾರದ ರಾತ್ರಿಗಳನ್ನು ನೀವು ತಪ್ಪಿಸಿ.

ಮೊಣಕಾಲು ನೋವಿರುವವರಿಗೆ ನಾನು ಹಡಗನ್ನೇ ಹೇಳುತ್ತೇನೆ. ವಿಮಾನದಲ್ಲಿ ಒಂದು ಗಂಟೆ ಕುಳಿತುಕೊಳ್ಳುವುದು ಕಷ್ಟವಲ್ಲ. ನಿಲ್ದಾಣಗಳಲ್ಲಿ ನಿಲ್ಲುವುದು, ನಡೆಯುವುದು ಕಷ್ಟ. ಹಡಗಿನ ಬಂದರುಗಳು ಎರಡೂ ಕಡೆ ನಗರದೊಳಗೇ ಇವೆ. ಹೆಲ್ಸಿಂಕಿಯಲ್ಲಿ ಟ್ರಾಮ್ ಬಂದರಿನ ಹತ್ತಿರಕ್ಕೇ ಹೋಗುತ್ತದೆ. ಲಿಫ್ಟ್‌ಗಳಿವೆ, ಮಲಗಲು ಸ್ವಂತ ಕೋಣೆ ಸಿಗುತ್ತದೆ, ಒಂದು ರಾತ್ರಿಯ ವಸತಿಯೂ ಅದರಲ್ಲೇ ಮುಗಿಯುತ್ತದೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಹೊರಟ ಸ್ವಲ್ಪ ಹೊತ್ತಿನಲ್ಲೇ ಸುಓಮೆನ್‌ಲಿನ್ನಾ ಕೋಟೆಯ ದ್ವೀಪಗಳ ನಡುವಿನ ಇಕ್ಕಟ್ಟಾದ ಜಲಸಂಧಿಯಲ್ಲಿ ಹಡಗು ನುಸುಳುವುದನ್ನು ನೋಡಲು ಮೇಲಿನ ಅಟ್ಟದಲ್ಲಿ ನಿಲ್ಲಿ. ಬೆಳಿಗ್ಗೆ ಬೇಗ ಎದ್ದರೆ ಸ್ಟಾಕ್‌ಹೋಮ್ ಮುಂದಿನ ಸಾವಿರಾರು ನಡುಗಡ್ಡೆಗಳ ನಡುವೆ ಹಡಗು ನಿಧಾನವಾಗಿ ಸಾಗುತ್ತಿರುತ್ತದೆ. ಎಲ್ಲಾದರೂ ಅಲೆ ಜೋರಿದ್ದರೆ ಓಲಾಂಡ್ ಸಮುದ್ರದ ತೆರೆದ ಭಾಗದಲ್ಲಿ. ಬೇಸಿಗೆಯಲ್ಲಿ ಅದು ಅಪರೂಪ. ಹಡಗಿನಲ್ಲಿ ಯಾವ ದೇಶದ ಸಮಯ ನಡೆಯುತ್ತಿದೆ ಎಂದು ಊಟದ ಸರದಿ ಕಾದಿರಿಸುವಾಗಲೇ ಕೇಳಿಕೊಳ್ಳಿ.

ಕಾಗದಪತ್ರದ ಎರಡು ಮಾತು. ಎರಡೂ ದೇಶಗಳು ಷೆಂಗೆನ್ ವಲಯದಲ್ಲಿರುವುದರಿಂದ ನಡುವೆ ಇನ್ನೊಂದು ವೀಸಾ ಬೇಡ, ಸಾಮಾನ್ಯವಾಗಿ ಗಡಿ ತಪಾಸಣೆಯೂ ಇಲ್ಲ. ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲಿ. ವೀಸಾ ಅರ್ಜಿಯನ್ನು ಯಾರ ಮನೆಯಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಹಾಕಬೇಕು. ಎರಡೂ ಕಡೆ ಸಮನಾಗಿ ಇರುವುದಾದರೆ ಮೊದಲು ಕಾಲಿಡುವ ದೇಶಕ್ಕೆ. ಯಾರ ಮನೆಯಲ್ಲಿ ಎಷ್ಟು ದಿನ ಎಂಬ ತೀರ್ಮಾನ ನಿಮ್ಮ ಮಕ್ಕಳಿಗೆ ಬಿಟ್ಟದ್ದು, ನಾನು ನಡುವೆ ಬರುವುದಿಲ್ಲ. ಹಣವೂ ಬೇರೆ ಬೇರೆ: ಫಿನ್‌ಲೆಂಡಿನಲ್ಲಿ ಯೂರೊ, ಸ್ವೀಡನ್ನಿನಲ್ಲಿ ಕ್ರೋನಾ.

ನಿಮ್ಮ ಯೋಜನೆಯಲ್ಲಿ ನನಗೆ ಒಪ್ಪಿಗೆಯಾಗದಿರುವುದು ಮತ್ತೆ ಹೆಲ್ಸಿಂಕಿಗೆ ಬಂದು ಬೆಂಗಳೂರಿಗೆ ಮರಳುವ ಭಾಗ. ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ಒಂದು ಟಿಕೆಟ್, ಅಲ್ಲಿಂದ ಬೆಂಗಳೂರಿಗೆ ಬೇರೊಂದು ಟಿಕೆಟ್ ಎಂದಾದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾವ ಕಂಪನಿಯೂ ಹೊಣೆ ಹೊರುವುದಿಲ್ಲ. ಗಡಿಯಾರವೂ ಬರುವಾಗ ಒಂದು ಗಂಟೆ ಕಸಿಯುತ್ತದೆ. ನಾಲ್ಕು ಗಂಟೆ ಅಂತರ ಇದೆ ಎಂದು ಟಿಕೆಟ್ ನೋಡಿ ಲೆಕ್ಕ ಹಾಕುವಾಗ ಎರಡೂ ವೇಳೆ ಹೆಲ್ಸಿಂಕಿಯದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಬೆಂಗಳೂರಿನಿಂದ ಹೆಲ್ಸಿಂಕಿಗೆ ಹೋಗಿ ಸ್ಟಾಕ್‌ಹೋಮ್‌ನಿಂದ ಮರಳುವಂತೆ ಒಂದೇ ಟಿಕೆಟ್ ಮಾಡಿಸಬಹುದು. ಹುಡುಕುವಾಗ ರೌಂಡ್ ಟ್ರಿಪ್ ಎಂಬುದರ ಬದಲು ಮಲ್ಟಿ ಸಿಟಿ ಎಂಬುದನ್ನು ಒತ್ತಿ. ಬೆಲೆ ಎಷ್ಟೋ ಸಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಗ ಹೋಗುವಾಗಿನ ಹಡಗು ಒಂದನ್ನೇ ಕಾದಿರಿಸಿದರೆ ಸಾಕು. ಮಗಳಿಗೆ ವಾಪಸು ಬರುವಾಗ ಒಮ್ಮೆ ನೋಡುವ ಆಸೆಯಿದ್ದರೆ, ಅವಳನ್ನೇ ನಿಮ್ಮ ಜೊತೆ ಹಡಗು ಹತ್ತಿಸಿ ಅಣ್ಣನ ಮನೆಗೋ ತಮ್ಮನ ಮನೆಗೋ ಕರೆದುಕೊಂಡು ಹೋಗಿ. ಜೂನ್‌ನಲ್ಲಿ ಒಳ್ಳೆಯ ಕೋಣೆಗಳು ಬೇಗ ಮುಗಿಯುತ್ತವೆ, ಮಧ್ಯಬೇಸಿಗೆ ಹಬ್ಬದ ವಾರದಲ್ಲಂತೂ ಸಿಗುವುದೇ ಕಷ್ಟ, ಏಪ್ರಿಲ್‌ನೊಳಗೆ ಕಾದಿರಿಸಿ.